ನೋಡದೆ ಕೊಡುವ ಮದ್ದು: ಯೋನಿಯ ಯೀಸ್ಟ್ ಸೋಂಕಿನ ಬಗ್ಗೆ

1989ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಡಾ. ರಾಣಿ ಬಂಗ್, ಡಾ. ಅಭಯ್ ಬಂಗ್ ಮತ್ತು ಸಂಗಡಿಗರ ಅಧ್ಯಯನವೊಂದು ಪ್ರಕಟವಾಯಿತು. ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಅವರು 650 ಹೆಂಗಸರನ್ನು ಪರೀಕ್ಷಿಸಿದ್ದರು. ನೂರಕ್ಕೆ 92 ಮಂದಿಯಲ್ಲಿ ಸ್ತ್ರೀರೋಗವೋ ಲೈಂಗಿಕ ರೋಗವೋ ಒಂದಲ್ಲ ಒಂದು ಇತ್ತು. ಹಿಂದೆ ಎಂದಾದರೂ ವೈದ್ಯರಿಂದ ಸ್ತ್ರೀರೋಗ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ. ಅದಾಗಿ ಕೆಲವೇ ವರ್ಷಗಳಲ್ಲಿ ಜಗದೀಶ್ ಭಾಟಿಯಾ ಮತ್ತು ಜಾನ್ ಕ್ಲೀಲ್ಯಾಂಡ್ ನಮ್ಮ ಕರ್ನಾಟಕದ ಹೆಂಗಸರನ್ನು ಕುರಿತು ಇಂಥದ್ದೇ ಸಮೀಕ್ಷೆಗಳನ್ನು ನಡೆಸಿದರು. ಅಲ್ಲಿಯೂ ಕಂಡದ್ದು ಅದೇ: ತೊಂದರೆ ವ್ಯಾಪಕ, ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟ.

ಆ ತೊಂದರೆಗಳಲ್ಲಿ ಅತಿ ಸಾಮಾನ್ಯವಾದ ಒಂದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಯೋನಿಯ ಯೀಸ್ಟ್ ಸೋಂಕು, ವೈದ್ಯರ ಮಾತಿನಲ್ಲಿ ಕ್ಯಾಂಡಿಡಿಯಾಸಿಸ್, ನಾಲ್ವರು ಹೆಂಗಸರಲ್ಲಿ ಮೂವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಬರುತ್ತದೆಂದು ಅಂದಾಜು. ಪ್ರಾಣಕ್ಕೆ ಅಪಾಯವಿಲ್ಲ. ಮದ್ದು ಅಗ್ಗ, ಊರೂರಿನ ಅಂಗಡಿಯಲ್ಲೂ ಸಿಗುತ್ತದೆ. ಹೀಗಿದ್ದೂ ವರ್ಷಗಟ್ಟಲೆ ನವೆ, ಉರಿ ಸಹಿಸಿಕೊಂಡು ಬದುಕುವವರು ಇದ್ದಾರೆ. ತಿಂಗಳಿಗೊಮ್ಮೆ ಅದೇ ಮಾತ್ರೆ ನುಂಗಿ ಗುಣ ಕಾಣದವರೂ ಇದ್ದಾರೆ. ಇದಕ್ಕೆ ಕಾರಣ ಮದ್ದಿನ ಕೊರತೆಯಲ್ಲ ಎಂದು ನಾನು ನಂಬಿದ್ದೇನೆ. ಯಾರೂ ಕಣ್ಣಿಟ್ಟು ನೋಡದೆ ಇರುವುದು ಕಾರಣ.

ಮೊದಲು ಸಹಜವಾದದ್ದರ ಬಗ್ಗೆ ಎರಡು ಮಾತು. ಋತುಮತಿಯಾದ ಮೇಲೆ, ಮುಟ್ಟು ನಿಲ್ಲುವವರೆಗೆ, ಯೋನಿಯಲ್ಲಿ ಒಂದಿಷ್ಟು ಸ್ರಾವ ಇದ್ದೇ ಇರುತ್ತದೆ. ತಿಂಗಳ ನಡುವೆ ಅದು ತಿಳಿಯಾಗಿ ಎಳೆ ಎಳೆಯಾಗಿರುತ್ತದೆ, ಮುಟ್ಟಿನ ಮುಂಚೆ ಬೆಳ್ಳಗೆ ಮಂದವಾಗುತ್ತದೆ, ಬಸುರಿನಲ್ಲಿ ಹೆಚ್ಚುತ್ತದೆ. ನವೆ, ಉರಿ, ಕೆಟ್ಟ ವಾಸನೆ ಯಾವುದೂ ಇಲ್ಲದಿದ್ದರೆ ಇದು ರೋಗವಲ್ಲ. ನಮ್ಮಲ್ಲಿ ಇದನ್ನೂ ಸೇರಿಸಿ ಎಲ್ಲವನ್ನೂ 'ಬಿಳಿ ಸೆರಗು', 'ಬಿಳುಪು' ಅನ್ನುತ್ತಾರೆ, ಮೈ ಉಷ್ಣವಾಗಿದೆ ಅನ್ನುತ್ತಾರೆ, ಎಳನೀರು, ಬಾರ್ಲಿ ನೀರು, ನೆನೆಸಿದ ಮೆಂತ್ಯ ಕೊಡುತ್ತಾರೆ. ಅವುಗಳಿಂದ ಕೇಡಿಲ್ಲ. ಆದರೆ ನಿಜವಾದ ಸೋಂಕಿದ್ದಾಗ ಆ ತಂಪಿನ ಉಪಚಾರದಲ್ಲೇ ತಿಂಗಳುಗಳು ಕಳೆದುಹೋಗುತ್ತವೆ.

ಆರೋಗ್ಯವಂತ ಯೋನಿಯ ಒಳಗೋಡೆಯಲ್ಲಿ ಈಸ್ಟ್ರೋಜೆನ್ ಹಾರ್ಮೋನಿನ ಪ್ರಭಾವದಿಂದ ಗ್ಲೈಕೋಜನ್ ಎಂಬ ಶರ್ಕರ ಶೇಖರವಾಗುತ್ತದೆ. ಅದನ್ನು ಉಂಡು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಒಳಗಿನ ಪಿಎಚ್ 3.8ರಿಂದ 4.5ರ ನಡುವೆ, ಅಂದರೆ ಹುಳಿಯಾಗಿಯೇ, ಉಳಿಯುತ್ತದೆ. ಹಲವು ರೋಗಾಣುಗಳಿಗೆ ಈ ಹುಳಿ ಒಗ್ಗದು. ಕ್ಯಾಂಡಿಡಾ ಎಂಬ ಶಿಲೀಂಧ್ರಕ್ಕೆ ಮಾತ್ರ ಒಗ್ಗುತ್ತದೆ. ನೂರರಲ್ಲಿ ಹತ್ತಿಪ್ಪತ್ತು ಮಂದಿ ಹೆಂಗಸರ ಯೋನಿಯಲ್ಲಿ ಅದು ಯಾವ ಉಪದ್ರವವನ್ನೂ ಕೊಡದೆ ನೆಲೆಸಿರುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಕ್ಯಾಂಡಿಡಾ ಬೆಳೆಯಿತೆಂಬುದೊಂದೇ ಮದ್ದು ಕೊಡಲು ಕಾರಣವಾಗದು. ಆಂಟಿಬಯೋಟಿಕ್ ನುಂಗಿ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತಾಗ, ಬಸುರಿನಲ್ಲಿ ಈಸ್ಟ್ರೋಜೆನ್ ಏರಿದಾಗ, ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ, ಸ್ಟಿರಾಯ್ಡ್ ಮದ್ದಿನಿಂದಲೋ ಎಚ್‌ಐವಿಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ರೂಪ ಬದಲಿಸುತ್ತದೆ. ದುಂಡನೆಯ ಕೋಶಗಳಾಗಿದ್ದದ್ದು ಉದ್ದನೆಯ ಎಳೆಗಳಾಗಿ ಚಾಚಿ ಒಳಪದರಕ್ಕೆ ನುಗ್ಗುತ್ತದೆ. ಆ ಎಳೆಗಳು ಕ್ಯಾಂಡಿಡಾಲೈಸಿನ್ ಎಂಬ ನಂಜನ್ನು ಸ್ರವಿಸುತ್ತವೆ ಎಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಮತ್ತು ಅವರ ಸಹವರ್ತಿಗಳು 2016ರಲ್ಲಿ ತೋರಿಸಿದರು. ಆ ನಂಜು ಕೋಶಗಳನ್ನು ಹರಿಯುತ್ತದೆ, ಬಿಳಿ ರಕ್ತಕಣಗಳು ಗುಂಪು ಗುಂಪಾಗಿ ಅಲ್ಲಿಗೆ ಓಡಿಬರುತ್ತವೆ. ನವೆ, ಕೆಂಪು, ಊತಗಳಲ್ಲಿ ದೊಡ್ಡ ಪಾಲು ನಮ್ಮ ದೇಹದ ಈ ಪ್ರತಿಕ್ರಿಯೆಯದೇ. ಒಂದೇ ಶಿಲೀಂಧ್ರ ಒಬ್ಬಳಲ್ಲಿ ಸುಮ್ಮನಿದ್ದು ಇನ್ನೊಬ್ಬಳನ್ನು ನಿದ್ದೆಗೆಡಿಸುವುದು ಏಕೆಂಬುದಕ್ಕೆ ಇದು ಉತ್ತರದ ಒಂದು ಭಾಗ. ಶುಚಿಯಿಲ್ಲದವಳಿಗೆ ಬರುವ ರೋಗ ಇದೆಂಬ ಮಾತು ಸುಳ್ಳು. ಇದು ಲೈಂಗಿಕ ರೋಗಗಳ ಪಟ್ಟಿಗೂ ಸೇರುವುದಿಲ್ಲ; ಮದುವೆಯಾಗದ ಹುಡುಗಿಗೂ ಬರಬಹುದು. ಗಂಡನಿಗೆ ಶಿಶ್ನದ ತುದಿಯಲ್ಲಿ ಕೆಂಪು, ನವೆ ಇಲ್ಲದಿದ್ದರೆ ಅವನಿಗೆ ಮದ್ದಿನ ಅಗತ್ಯವಿಲ್ಲ. ಈ ವಾಕ್ಯಗಳನ್ನು ಮನೆಮನೆಯಲ್ಲಿ ಜೋರಾಗಿ ಹೇಳಬೇಕೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಎಷ್ಟೋ ಹುಡುಗಿಯರು ತಮ್ಮ ಶೀಲದ ಮೇಲೆ ಅನುಮಾನ ಬಂದೀತೆಂದೇ ಅಮ್ಮನಿಗೂ ಹೇಳದೆ ಸುಮ್ಮನಿರುತ್ತಾರೆ.

ರೋಗದ ಲಕ್ಷಣಗಳಲ್ಲಿ ಮೊದಲನೆಯದು ನವೆ. ರಾತ್ರಿ ಹೆಚ್ಚು, ಮುಟ್ಟಿನ ಮುಂಚಿನ ವಾರದಲ್ಲಿ ಇನ್ನೂ ಹೆಚ್ಚು. ಸ್ರಾವ ಬೆಳ್ಳಗೆ, ಒಡೆದ ಮೊಸರಿನ ಚೂರುಗಳಂತೆ. ಕೆಲವರಲ್ಲಿ ಬರೀ ನೀರಿನಂತೆ. ವಾಸನೆ ಇರುವುದಿಲ್ಲ. ಯೋನಿದ್ವಾರದ ಸುತ್ತ ಕೆಂಪಾಗುತ್ತದೆ, ಕೆರೆದ ಕಡೆ ಕೂದಲೆಳೆಯ ಸೀಳು ಬೀಳುತ್ತದೆ. ಕೂಡುವಾಗ ನೋವು. ಮೂತ್ರ ಈ ಸೀಳುಗಳ ಮೇಲೆ ಹರಿದಾಗ ಉರಿ. ಈ ಕೊನೆಯ ಲಕ್ಷಣ ಎಡವಟ್ಟಿಗೆ ದಾರಿ ಮಾಡುತ್ತದೆ. 'ಮೂತ್ರ ಮಾಡುವಾಗ ಉರಿ' ಎಂದ ಕೂಡಲೇ ಮೂತ್ರದ ಸೋಂಕೆಂದು ಆಂಟಿಬಯೋಟಿಕ್ ಬರೆದುಕೊಟ್ಟರೆ, ಉಳಿದಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತು ಯೀಸ್ಟ್ ಇನ್ನಷ್ಟು ಹಬ್ಬುತ್ತದೆ. ಉರಿ ಒಳಗೋ ಹೊರಗೋ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಇದೇ ಜಾಗದಲ್ಲಿ ಇದರಂತೆಯೇ ತೋರುವ ಬೇರೆ ಎರಡು ತೊಂದರೆಗಳಿವೆ. ಬ್ಯಾಕ್ಟೀರಿಯಲ್ ವಜೈನೋಸಿಸ್‌ನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಇಳಿದು ಬೇರೆ ಬ್ಯಾಕ್ಟೀರಿಯಾಗಳು ತುಂಬಿಕೊಳ್ಳುತ್ತವೆ; ಸ್ರಾವ ತೆಳ್ಳಗೆ ಬೂದು ಬಣ್ಣ, ಮೀನಿನ ವಾಸನೆ, ನವೆ ಕಡಿಮೆ, ಪಿಎಚ್ 4.5ಕ್ಕಿಂತ ಮೇಲೆ. ಮೈಸೂರಿನಲ್ಲಿ ಪೂರ್ಣಿಮಾ ಮಾಧಿವಣನ್ ಮತ್ತು ಸಂಗಡಿಗರು ಸುಮಾರು 900 ಯುವತಿಯರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಇದು ಇತ್ತು. ಇನ್ನೊಂದು ಟ್ರೈಕೊಮೊನಿಯಾಸಿಸ್. ಇದು ಪರಾವಲಂಬಿ ಜೀವಿಯಿಂದ ಬರುವ ಲೈಂಗಿಕ ರೋಗ. ಇದಕ್ಕೆ ಗಂಡನಿಗೂ ಚಿಕಿತ್ಸೆ ಬೇಕೇ ಬೇಕು. ಎರಡಕ್ಕೂ ಮೆಟ್ರೊನಿಡಜೋಲ್ ಗುಂಪಿನ ಮದ್ದು. ಯೀಸ್ಟಿಗೆ ಆ ಮದ್ದು ಏನೂ ಮಾಡದು, ಇವಕ್ಕೆ ಯೀಸ್ಟಿನ ಮದ್ದು ಏನೂ ಮಾಡದು.

ಹೆಂಗಸು ತನ್ನ ರೋಗವನ್ನು ತಾನೇ ಗುರುತಿಸಬಲ್ಲಳೇ? ಅಮೆರಿಕದಲ್ಲಿ 1990ರ ಹೊತ್ತಿಗೆ ಯೀಸ್ಟಿನ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಲು ಬಿಟ್ಟರು. ಹಾಗೆ ಕೊಂಡ 95 ಮಂದಿಯನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂವರಲ್ಲಿ ಒಬ್ಬರಿಗೆ ಮಾತ್ರ ಬರೀ ಯೀಸ್ಟ್ ಸೋಂಕಿತ್ತು. ಉಳಿದವರದು ವಜೈನೋಸಿಸ್, ಬೆರಕೆ ಸೋಂಕು, ಮತ್ತಿತರ ತೊಂದರೆ; ಕೆಲವರಿಗೆ ಸೋಂಕೇ ಇರಲಿಲ್ಲ. ಓದು ಬರಹವಿದ್ದವರೂ, ಹಿಂದೆ ಒಮ್ಮೆ ಈ ರೋಗ ಬಂದಿದ್ದವರೂ ಅವರಲ್ಲಿದ್ದರು. ಹಾಗಾಗಿ ಇದನ್ನು ಅರಿವಿನ ಕೊರತೆ ಎಂದು ಹೇಳಿ ಹೆಂಗಸರ ಮೇಲೆ ಹೊರಿಸುವುದು ತಪ್ಪು. ಲಕ್ಷಣಗಳೇ ಒಂದರೊಳಗೊಂದು ಬೆರೆತಿವೆ.

ಆದರೆ ನಮ್ಮ ವ್ಯವಸ್ಥೆ ಕೂಡ ಊಹೆಯನ್ನೇ ನೆಚ್ಚಿಕೊಂಡಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಪದ್ಧತಿಯಲ್ಲಿ ರೋಗಲಕ್ಷಣಕ್ಕೆ ತಕ್ಕಂತೆ ಬಣ್ಣದ ಔಷಧಿ ಕಿಟ್‌ಗಳಿವೆ. ಬಿಳುಪಿನ ತೊಂದರೆಗೆ ಹಸಿರು ಕಿಟ್: ಸೆಕ್ನಿಡಜೋಲ್ 2 ಗ್ರಾಂ, ಜೊತೆಗೆ ಫ್ಲುಕೊನಜೋಲ್ 150 ಮಿಲಿಗ್ರಾಂ. ಮೂರೂ ರೋಗಗಳಿಗೆ ಒಂದೇ ಪೊಟ್ಟಣದಲ್ಲಿ ಮದ್ದು. ಪ್ರಯೋಗಾಲಯವಿಲ್ಲದ ಕಡೆ, ಮತ್ತೆ ಬರುತ್ತಾಳೋ ಇಲ್ಲವೋ ತಿಳಿಯದ ರೋಗಿಗೆ, ಇದು ಒಳ್ಳೆಯ ಯೋಚನೆಯೇ ಆಗಿತ್ತು. ಈ ಪದ್ಧತಿ ಬಹಳ ಜನರ ಸಂಕಟ ಕಳೆದಿದೆ. ಆದರೆ ಇದೇ ಪದ್ಧತಿಯಲ್ಲಿ ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸ್ಪೆಕ್ಯುಲಮ್ ಪರೀಕ್ಷೆಯೂ ಒಂದು ಹೆಜ್ಜೆ. ಪರದೆಯಿಲ್ಲ, ಮಹಿಳಾ ವೈದ್ಯೆಯಿಲ್ಲ, ಸಾಲು ಉದ್ದವಿದೆ ಎಂದು ಆ ಹೆಜ್ಜೆಯನ್ನು ಬಿಟ್ಟರೆ ಉಳಿಯುವುದು ಪೊಟ್ಟಣ ಮಾತ್ರ. ಖಾಸಗಿ ಚಿಕಿತ್ಸಾಲಯದಲ್ಲೂ ಮೇಜಿನ ಈಚೆಯಿಂದಲೇ ಚೀಟಿ ಬರೆಯುವುದು ಅಪರೂಪವಲ್ಲ.

ಈಗ ಮದ್ದಿನ ಕತೆಗೆ ಬರೋಣ. ಇದರ ಆರಂಭ ಇಬ್ಬರು ಹೆಂಗಸರದ್ದು ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್ ಸೂಕ್ಷ್ಮಜೀವಿ ತಜ್ಞೆ, ರೇಚಲ್ ಬ್ರೌನ್ ರಸಾಯನ ತಜ್ಞೆ. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಊರೂರಿನ ಮಣ್ಣಿನಿಂದ ಬೆಳೆಸಿದ ಮಾದರಿಗಳನ್ನು ಅಂಚೆಯಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸುತ್ತ ಅವರು ಕೆಲಸ ಮಾಡಿದರು. ವರ್ಜೀನಿಯಾದ ಒಂದು ಹೈನುಗಾರಿಕೆ ತೋಟದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾ ಶಿಲೀಂಧ್ರವನ್ನು ಕೊಲ್ಲುವ ವಸ್ತುವನ್ನು ತಯಾರಿಸುತ್ತಿತ್ತು. 1950ರಲ್ಲಿ ಅದನ್ನು ಪ್ರಕಟಿಸಿ, ತಮ್ಮ ರಾಜ್ಯದ ಹೆಸರಿನಿಂದಲೇ ನಿಸ್ಟಾಟಿನ್ ಎಂದು ಕರೆದರು. ಮನುಷ್ಯರಿಗೆ ಸುರಕ್ಷಿತವಾಗಿ ಕೊಡಬಹುದಾದ ಶಿಲೀಂಧ್ರ ನಿವಾರಕಗಳಲ್ಲಿ ಅದು ಮೊದಮೊದಲಿನದು. ಪೇಟೆಂಟಿನಿಂದ ಬಂದ 1.3 ಕೋಟಿ ಡಾಲರಿಗೂ ಮಿಕ್ಕ ಹಣದಲ್ಲಿ ಇಬ್ಬರೂ ತಮಗೆಂದು ಏನೂ ಇಟ್ಟುಕೊಳ್ಳದೆ ವಿಜ್ಞಾನ ಸಂಶೋಧನೆಗೆ ಕೊಟ್ಟರು.

ಆಮೇಲೆ ಬಂದವು ಏಜೋಲ್ ಗುಂಪಿನ ಮದ್ದುಗಳು. ಜರ್ಮನಿಯ ಬೇಯರ್ ಕಂಪನಿಯ ಕ್ಲೊಟ್ರಿಮಜೋಲ್ 1970ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಇಂಗ್ಲೆಂಡಿನ ಸ್ಯಾಂಡ್ವಿಚ್ ಪಟ್ಟಣದ ಫೈಜರ್ ಪ್ರಯೋಗಾಲಯದಲ್ಲಿ ಹುಟ್ಟಿದ ಫ್ಲುಕೊನಜೋಲ್‌ಗೆ ಅಮೆರಿಕ 1990ರಲ್ಲಿ ಅನುಮತಿ ಕೊಟ್ಟಿತು. ಇವತ್ತಿಗೂ ಸಾಮಾನ್ಯ ಯೀಸ್ಟ್ ಸೋಂಕಿಗೆ ಇವೆರಡೇ ಆಧಾರ. ಕ್ಲೊಟ್ರಿಮಜೋಲ್ ಮಾತ್ರೆಯನ್ನು ರಾತ್ರಿ ಮಲಗುವಾಗ ಯೋನಿಯೊಳಗೆ ಇಟ್ಟುಕೊಳ್ಳಬೇಕು: 500 ಮಿಲಿಗ್ರಾಮಿನದಾದರೆ ಒಂದೇ ರಾತ್ರಿ, 100ರದಾದರೆ ಆರೇಳು ರಾತ್ರಿ. ಫ್ಲುಕೊನಜೋಲ್ ಆದರೆ 150 ಮಿಲಿಗ್ರಾಮಿನ ಒಂದು ಮಾತ್ರೆ ನುಂಗಿದರೆ ಮುಗಿಯಿತು. ಅದಕ್ಕೆ ವೈದ್ಯರ ಚೀಟಿ ಬೇಕು. ಎರಡರ ಪರಿಣಾಮವೂ ಹೆಚ್ಚುಕಡಿಮೆ ಒಂದೇ, ಚಿಕಿತ್ಸೆ ಪೂರ್ತಿ ಮಾಡಿದ ನೂರರಲ್ಲಿ ಎಂಬತ್ತು ತೊಂಬತ್ತು ಮಂದಿಗೆ ಗುಣ. ನವೆ ಇಳಿಯಲು ಎರಡು ಮೂರು ದಿನ ಬೇಕು. ಮಾರನೆಯ ದಿನವೇ ಗುಣ ಕಾಣಲಿಲ್ಲವೆಂದು ಇನ್ನೊಂದು ಮಾತ್ರೆ ನುಂಗುವವರಿದ್ದಾರೆ, ಅದು ಬೇಡ. ಊತ, ಸೀಳು ಜೋರಾಗಿದ್ದರೆ ಮೂರು ದಿನದ ಅಂತರದಲ್ಲಿ ಎರಡು ಮಾತ್ರೆ ಕೊಡುತ್ತಾರೆ. ಯೋನಿಗೆ ಹಚ್ಚುವ ಕೆಲವು ಮುಲಾಮುಗಳ ಎಣ್ಣೆಯಂಶ ಕಾಂಡೋಮಿನ ರಬ್ಬರನ್ನು ದುರ್ಬಲಗೊಳಿಸುತ್ತದೆ ಎಂಬುದನ್ನು ಮುಲಾಮು ಕೊಡುವವರು ಹೇಳುವುದೇ ಇಲ್ಲ, ಹೇಳಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ವೈದ್ಯರಿಗೆ ಅದನ್ನು ತಿಳಿಸಲೇಬೇಕು.

ಬಸುರಿಯರ ವಿಷಯದಲ್ಲಿ ನಿಯಮ ಬೇರೆ. ನುಂಗುವ ಫ್ಲುಕೊನಜೋಲ್ ಬೇಡ. ಏಳು ರಾತ್ರಿ ಕ್ಲೊಟ್ರಿಮಜೋಲ್‌ನಂಥ ಒಳಗೆ ಇಡುವ ಮದ್ದೇ ಸರಿ. ಬಸುರಿನಲ್ಲಿ ಫ್ಲುಕೊನಜೋಲ್ ನುಂಗಿದವರಲ್ಲಿ ಗರ್ಭಪಾತ ಹೆಚ್ಚು ಕಂಡಿತೆಂಬ ಡೆನ್ಮಾರ್ಕಿನ ಅಧ್ಯಯನವೊಂದರ ಬಳಿಕ ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಎಚ್ಚರಿಕೆ ಹೊರಡಿಸಿದರು. ಮುಟ್ಟು ತಪ್ಪಿದೆಯೇ ಎಂದು ಕೇಳದೆ ಮಾತ್ರೆ ಕೊಡುವ ಅಂಗಡಿಯವರಿಗೆ ಇದು ತಿಳಿದಿರಬೇಕು.

ಸಕ್ಕರೆ ಕಾಯಿಲೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ದೇಶದಲ್ಲಿ ಈ ಸೋಂಕಿನ ಮುಂದಿನ ದಿನಗಳು ಅದರೊಡನೆ ಹೆಣೆದುಕೊಂಡಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಸಮೀಕ್ಷೆ 2023ರಲ್ಲಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದಿತು. ಹಿಡಿತಕ್ಕೆ ಬಾರದ ಸಕ್ಕರೆ ಯೀಸ್ಟಿಗೆ ಆಹಾರವಾಗುತ್ತದೆ. ಮತ್ತೆ ಮತ್ತೆ ನವೆ ಬರುವುದೇ ಎಷ್ಟೋ ಹೆಂಗಸರಲ್ಲಿ ಮಧುಮೇಹದ ಮೊದಲ ಸುಳಿವು. ದೆಹಲಿಯ ಏಮ್ಸ್ ಸಂಶೋಧಕರು ಈ ಸೋಂಕಿದ್ದ 111 ಮಧುಮೇಹಿ ಹೆಂಗಸರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಚ್ಚರಿಯ ಸಂಗತಿ ಹೊರಬಂತು. ಪುಸ್ತಕಗಳು ಹೇಳುವ ಕ್ಯಾಂಡಿಡಾ ಆಲ್ಬಿಕನ್ಸ್ ಅವರಲ್ಲಿ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ. ನೂರಕ್ಕೆ 61 ಮಂದಿಯಲ್ಲಿ ಇದ್ದದ್ದು ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಬೇರೆಯೇ ಜಾತಿ. ಅದಕ್ಕೆ ಫ್ಲುಕೊನಜೋಲ್ ಸರಿಯಾಗಿ ನಾಟುವುದಿಲ್ಲ. ಒಂದು ಮಾತ್ರೆ ಕೊಟ್ಟ ಗ್ಲಾಬ್ರಾಟಾ ರೋಗಿಗಳಲ್ಲಿ ನೂರಕ್ಕೆ 29 ಮಂದಿ ಮಾತ್ರ ಶಿಲೀಂಧ್ರಮುಕ್ತರಾದರೆ, 14 ದಿನ ಬೋರಿಕ್ ಆಮ್ಲದ ಗುಳಿಗೆಯನ್ನು ಯೋನಿಯಲ್ಲಿ ಇಟ್ಟುಕೊಂಡವರಲ್ಲಿ 64 ಮಂದಿ ಶಿಲೀಂಧ್ರಮುಕ್ತರಾದರು. ಹಳೆಯ, ಅಗ್ಗದ ವಸ್ತುವೊಂದು ಹೊಸ ಮಾತ್ರೆಯನ್ನು ಹಿಂದೆ ಹಾಕಿತ್ತು. ಬೋರಿಕ್ ಆಮ್ಲವನ್ನು ನುಂಗಿದರೆ ಪ್ರಾಣಾಪಾಯ, ಬಸುರಿನಲ್ಲಿ ಬಳಸುವಂತಿಲ್ಲ. ಆದ್ದರಿಂದ ಅದೇ ವಸ್ತುವೆಂದು ಕೇರಂ ಬೋರ್ಡಿನ ಪುಡಿಯನ್ನು ಯಾರೂ ಕೈಗೆತ್ತಿಕೊಳ್ಳದಿರಲಿ, ವೈದ್ಯರೇ ಅಳೆದು ಕೊಡಬೇಕಾದ ಮದ್ದು ಇದು.

ಇನ್ನೊಂದು ಹೊಸ ಕಾರಣ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ ಕೆಲಸ ಮಾಡುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಅವುಗಳಿಂದ ದೊಡ್ಡ ಲಾಭವಿದೆ. ಡಪಾಗ್ಲಿಫ್ಲೋಜಿನ್‌ನ ಮೂಲ ಪೇಟೆಂಟ್ ಭಾರತದಲ್ಲಿ 2020ರಲ್ಲಿ ಮುಗಿದ ಮೇಲೆ ಬೆಲೆ ಇಳಿದು ಅದು ಸಣ್ಣ ಊರುಗಳಿಗೂ ತಲುಪಿದೆ. ಆದರೆ ಮೂತ್ರದಲ್ಲಿ ಸಕ್ಕರೆ ಹರಿಯುವಾಗ ಆ ಭಾಗದಲ್ಲಿ ಯೀಸ್ಟ್ ಸೋಂಕು ಹೆಚ್ಚುತ್ತದೆ; ಈ ಮಾತ್ರೆಗಳ ಅತಿ ಸಾಮಾನ್ಯ ಅಡ್ಡಪರಿಣಾಮವೇ ಇದು. ಅರವತ್ತರ ಅಜ್ಜಿಗೆ ಆ ಮಾತ್ರೆ ಬರೆಯುವ ವೈದ್ಯರು 'ಕೆಳಗೆ ನವೆ ಬಂದರೆ ಹೇಳಿ' ಎಂದು ಒಂದು ಮಾತು ಸೇರಿಸಿದರೆ ಆಕೆ ನಾಚಿಕೆಯಿಂದ ತಾನಾಗಿ ಮಾತ್ರೆ ಬಿಟ್ಟುಬಿಡುವುದು ತಪ್ಪುತ್ತದೆ.

ವರ್ಷದಲ್ಲಿ ಮೂರು ಅಥವಾ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಅನ್ನುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 13.8 ಕೋಟಿ ಹೆಂಗಸರಿಗೆ ಇದೆಯೆಂದು 2018ರ ಅಂದಾಜು. ಅವರಲ್ಲಿ ಬಹಳ ಮಂದಿ ಬೇರೆಲ್ಲ ರೀತಿಯಲ್ಲೂ ಆರೋಗ್ಯವಂತರು; ಪರೀಕ್ಷೆಯಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಇಂಥವರಿಗೆ ಮೊದಲು ಒಂದು, ನಾಲ್ಕು, ಏಳನೆಯ ದಿನ ಫ್ಲುಕೊನಜೋಲ್, ಆಮೇಲೆ ಆರು ತಿಂಗಳು ವಾರಕ್ಕೊಂದು. ಡೆಟ್ರಾಯಿಟ್‌ನ ಜ್ಯಾಕ್ ಸೋಬೆಲ್ ಮತ್ತು ಸಂಗಡಿಗರ 2004ರ ಪ್ರಯೋಗದಲ್ಲಿ ಆರು ತಿಂಗಳ ಕೊನೆಗೆ ನೂರಕ್ಕೆ 91 ಮಂದಿ ನೆಮ್ಮದಿಯಲ್ಲಿದ್ದರು, ಹುಸಿಮಾತ್ರೆ ನುಂಗಿದವರಲ್ಲಿ 36. ಮಾತ್ರೆ ನಿಲ್ಲಿಸಿ ಇನ್ನಾರು ತಿಂಗಳಾದ ಮೇಲೆ 91 ಇದ್ದದ್ದು 43ಕ್ಕೆ ಇಳಿಯಿತು. ಅಂದರೆ ಈ ಚಿಕಿತ್ಸೆ ಅಣೆಕಟ್ಟಿದ್ದಂತೆ, ನೀರಿನ ಮೂಲ ಬತ್ತಿರುವುದಿಲ್ಲ. ರೋಗಿಗೆ ಇದನ್ನು ಮೊದಲೇ ಹೇಳದಿದ್ದರೆ ಮತ್ತೆ ಬಂದಾಗ ಆಕೆ ತನ್ನನ್ನೇ ದೂರಿಕೊಳ್ಳುತ್ತಾಳೆ. ಅಮೆರಿಕದಲ್ಲಿ 2021ರಲ್ಲಿ ಐಬ್ರೆಕ್ಸಾಫಂಜರ್ಪ್, 2022ರಲ್ಲಿ ಒಟೆಸೆಕೊನಜೋಲ್ ಎಂಬ ಹೊಸ ಮದ್ದುಗಳಿಗೆ ಅನುಮತಿ ಸಿಕ್ಕಿದೆ. ಎರಡನೆಯದು ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಮುಂದೆ ಬಸುರಾಗಬಲ್ಲ ಹೆಂಗಸರಿಗೆ ಕೊಡುವಂತಿಲ್ಲ. ಈ ರೋಗ ಹೆಚ್ಚು ಕಾಡುವುದೇ ಅವರನ್ನು.

ಮನೆಮದ್ದುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೊಸರು ಹಚ್ಚುವುದರಿಂದ ಗುಣವಾಗುತ್ತದೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಮೊಸರಿನ ಬ್ಯಾಕ್ಟೀರಿಯಾ ಯೋನಿಯ ಬ್ಯಾಕ್ಟೀರಿಯಾದ ನೆಂಟನೇ ಹೊರತು ಅದೇ ಅಲ್ಲ. ತಿನ್ನಲು ಧಾರಾಳ ತಿನ್ನಿ. ಬೆಳ್ಳುಳ್ಳಿ, ಬೇವಿನೆಣ್ಣೆ, ಆಂಟಿಸೆಪ್ಟಿಕ್ ದ್ರಾವಣಗಳು ಈಗಾಗಲೇ ಸೀಳಿರುವ ಚರ್ಮವನ್ನು ಸುಡುತ್ತವೆ. ಜಾಹೀರಾತಿನ ಪರಿಮಳದ ತೊಳೆಯುವ ದ್ರಾವಣಗಳು ಅನಗತ್ಯ. ಹೊರಭಾಗಕ್ಕೆ ನೀರು ಸಾಕು, ಒಳಭಾಗವನ್ನು ತೊಳೆಯಲೇಬಾರದು. ನನಗೆ ಸಿಟ್ಟು ಬರಿಸುವುದು ಅಂಗಡಿಯ ಬೆರಕೆ ಮುಲಾಮುಗಳು. ಶಿಲೀಂಧ್ರ ನಿವಾರಕ, ಆಂಟಿಬಯೋಟಿಕ್, ಬಲವಾದ ಸ್ಟಿರಾಯ್ಡ್ ಮೂರನ್ನೂ ಕಲಸಿದ ಟ್ಯೂಬ್. ಸ್ಟಿರಾಯ್ಡಿನಿಂದ ನವೆ ಒಂದೇ ದಿನದಲ್ಲಿ ಅಡಗುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ, ಆ ಸೂಕ್ಷ್ಮ ಜಾಗದ ಚರ್ಮ ತೆಳುವಾಗಿ ಹರಿಯುತ್ತದೆ. ದೇಶದಾದ್ಯಂತ ತೊಡೆಸಂದಿಯ ಹುಳುಕಡ್ಡಿ ಮೊಂಡಾಗಿ ನಿಂತದ್ದರಲ್ಲಿ ಇಂಥ ಮುಲಾಮುಗಳ ಪಾಲು ದೊಡ್ಡದೆಂದು ಚರ್ಮರೋಗ ತಜ್ಞರು ವರ್ಷಗಳಿಂದ ಹೇಳುತ್ತಿದ್ದಾರೆ.

ಮುಟ್ಟು ನಿಂತವರ ನವೆಯನ್ನು ಯೀಸ್ಟ್ ಎಂದು ಊಹಿಸುವುದು ಇನ್ನೂ ದೊಡ್ಡ ತಪ್ಪು. ಈಸ್ಟ್ರೋಜೆನ್ ಇಲ್ಲದ ಯೋನಿಯಲ್ಲಿ ಯೀಸ್ಟ್ ಸುಲಭವಾಗಿ ಬೆಳೆಯುವುದಿಲ್ಲ; ಮಧುಮೇಹವೋ ಹಾರ್ಮೋನ್ ಚಿಕಿತ್ಸೆಯೋ ಇದ್ದರೆ ಮಾತು ಬೇರೆ. ಆ ವಯಸ್ಸಿನ ನವೆಗೆ ಒಳಪದರ ಒಣಗಿ ತೆಳುವಾಗುವುದು ಕಾರಣವಿರಬಹುದು, ಅಥವಾ ಚರ್ಮ ಬಿಳುಚಿ ಗಡುಸಾಗುವ ಲೈಕನ್ ಸ್ಕ್ಲಿರೋಸಸ್ ಇರಬಹುದು. ಎರಡನೆಯದನ್ನು ಚಿಕಿತ್ಸೆ ಮಾಡದೆ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಅದನ್ನು ಕಾಣಲು ಬೇಕಿರುವುದು ಒಳ್ಳೆಯ ಬೆಳಕು ಮತ್ತು ನೋಡುವ ಮನಸ್ಸು.

ಸೋಂಕೇ ಇಲ್ಲದೆ ಬಿಳುಪಿನ ದೂರು ಹೊತ್ತು ಬರುವವರೂ ಇದ್ದಾರೆ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸುಮಾರು ಎರಡೂವರೆ ಸಾವಿರ ಹೆಂಗಸರ ನಡುವೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಳುಪಿನ ದೂರಿಗೆ ಸೋಂಕಿಗಿಂತ ಖಿನ್ನತೆ, ಆತಂಕ, ಮನೆಯ ಸಂಕಟಗಳ ಜೊತೆ ಬಲವಾದ ನಂಟು ಕಂಡಿತು. ಬಳಲಿಕೆ, ಸೊಂಟನೋವು, 'ಮೈಯೆಲ್ಲ ಕರಗಿ ಹೋಗ್ತಿದೆ' ಎಂಬ ಮಾತಿನ ಹಿಂದೆ ಗಂಡನ ಹೊಡೆತವೋ ಸಾಲವೋ ಇರಬಹುದು. ಆಕೆಗೆ ಹಸಿರು ಪೊಟ್ಟಣ ಕೊಟ್ಟು ಕಳಿಸಿದರೆ ಗುಣವಾಗುವುದಾದರೂ ಏನು? ಸೋಂಕಿಲ್ಲವೆಂದು ಪರೀಕ್ಷೆಯಿಂದ ಖಚಿತವಾದರೆ ಮಾತ್ರ ಮನೆಯ ಸಂಕಟದ ಪ್ರಶ್ನೆಯನ್ನು ಕೇಳುವ ಧೈರ್ಯ ವೈದ್ಯರಿಗೂ ಬರುತ್ತದೆ.

ಈ ಪರೀಕ್ಷೆ ದುಬಾರಿಯದಲ್ಲ. ಒಂದು ಸ್ಪೆಕ್ಯುಲಮ್, ಪಿಎಚ್ ಕಾಗದದ ಒಂದು ಪಟ್ಟಿ, ಎರಡು ಗಾಜಿನ ಪಟ್ಟಿ, ಒಂದು ಹನಿ ಲವಣದ ನೀರು, ಒಂದು ಹನಿ ಹತ್ತು ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಒಂದು ಸೂಕ್ಷ್ಮದರ್ಶಕ. ಹೈಡ್ರಾಕ್ಸೈಡ್ ಹನಿ ಬಿದ್ದಾಗ ಮೀನಿನ ವಾಸನೆ ಎದ್ದರೆ ವಜೈನೋಸಿಸ್ ಕಡೆಗೆ ಬೆರಳು. ಉಳಿದ ಕೋಶಗಳೆಲ್ಲ ಕರಗಿ ಮೊಗ್ಗು ಬಿಟ್ಟ ದುಂಡು ಕಣಗಳೂ ಎಳೆಗಳೂ ಕಂಡರೆ ಯೀಸ್ಟ್. ಲವಣದ ಹನಿಯಲ್ಲಿ ಬಾಲ ಬಡಿದು ಓಡಾಡುವ ಜೀವಿ ಕಂಡರೆ ಟ್ರೈಕೊಮೊನಾಸ್. ಹತ್ತು ನಿಮಿಷದ ಕೆಲಸ. ಸೂಕ್ಷ್ಮದರ್ಶಕದಲ್ಲಿ ಎಲ್ಲ ಸಲವೂ ಯೀಸ್ಟ್ ಕಾಣದು, ನಿಜ. ಮತ್ತೆ ಮತ್ತೆ ಬರುವವರಿಗೆ ಶಿಲೀಂಧ್ರವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿ ಜಾತಿ ತಿಳಿದುಕೊಳ್ಳಬೇಕು, ಅದಕ್ಕೆ ತಾಲೂಕು, ಜಿಲ್ಲಾ ಆಸ್ಪತ್ರೆಗಳಿವೆ. ಆದರೆ ಮೊದಲ ಹೆಜ್ಜೆಗೆ ಬೇಕಾದ ಸೂಕ್ಷ್ಮದರ್ಶಕ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೊಸದಲ್ಲ. ಮಲೇರಿಯಾದ ರಕ್ತಲೇಪ, ಕ್ಷಯದ ಕಫ ನೋಡುವ ತಂತ್ರಜ್ಞರು ದಶಕಗಳಿಂದ ಅದರ ಮುಂದೆ ಕೂತು ಕೆಲಸ ಮಾಡಿದ್ದಾರೆ. ಅದೇ ಮೇಜಿನ ಮೇಲೆ ಈ ಗಾಜಿನ ಪಟ್ಟಿಯೂ ಬರಲಿ ಎಂದು ಗ್ರಾಮ ಆರೋಗ್ಯ ಸಮಿತಿಗಳು, ಆಶಾ ಕಾರ್ಯಕರ್ತೆಯರ ಸಂಘಗಳು, ಮಹಿಳಾ ವೈದ್ಯರ ಸಂಘಟನೆಗಳು ಕೇಳಬೇಕು. ಜೊತೆಗೆ ಒಂದು ಪರದೆ, ಒಂದು ಪರೀಕ್ಷಾ ಮಂಚ, ವಾರದಲ್ಲಿ ನಿಗದಿಯಾದ ಒಂದು ದಿನ ಮಹಿಳಾ ವೈದ್ಯೆ ಅಥವಾ ತರಬೇತಾದ ನರ್ಸ್.